ಕುರಿ ಕಾಯೋನ ಮಗ ಮಾಡಿದ ಲ್ಯಾಂಬ್ ಬರ್ಗರ್

ಭಾಗ 1

ಮೊದಲನೇ ಫೋಟೋ ಬರ್ಗರ್. ಮೆಡಿಟರೇನಿಯನ್ ಸ್ಟೈಲ್ ಲ್ಯಾಂಬ್ ಬರ್ಗರ್. ಕೆಫೆದಲ್ಲ, ನನ್ನ ರೂಮಲ್ಲಿ ನಾನೇ ಮಾಡಿದ್ದು. ಝೂಮ್ ಮಾಡಿದ್ರೆ ಸ್ಟೀಲ್ ತಟ್ಟೆ ಅಂಚಲ್ಲಿ ನಮ್ಮಜ್ಜನ ಹೆಸರು ಕೊರೆಸಿರೋದು ಕಾಣುತ್ತೆ.

ಎರಡನೇ ಫೋಟೋ ನಮ್ಮಪ್ಪ. ಹೆಗಲ ಮೇಲೆ ಕಂಬಳಿ, ಹಿಂದೆ ನಮ್ಮ ಕುರಿ.

ಈ ಎರಡು ಫೋಟೋನ ಒಂದೇ ಪೋಸ್ಟಲ್ಲಿ ಹಾಕೋಕೆ ನಂಗೆ ಮೂರು ವರ್ಷ ಹಿಡೀತು. ಯಾಕೆ ಅಂತ ಹೇಳ್ತೀನಿ. ಉದ್ದ ಇದೆ, ಏಳು ಭಾಗ. ಬರೀ ರೆಸಿಪಿ ಬೇಕಾದೋರು ಭಾಗ 4ಕ್ಕೆ ಹೋಗಿ, ಬೇಜಾರಿಲ್ಲ. ಆದ್ರೆ ನಾನು ಇವತ್ತು ಜಗಳಕ್ಕೇ ಕೂತಿರೋದು, ರೆಸಿಪಿ ಆ ಜಗಳದ ಒಂದು ಭಾಗ ಅಷ್ಟೇ.

ಹೋದ ತಿಂಗಳು ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್ ಪೇಪರ್ ಕೊಟ್ರು. ನಂಗೆ 20ಕ್ಕೆ 6. ನಾನು ಓದಿರಲಿಲ್ಲ, ಅದರಲ್ಲಿ ವಾದ ಇಲ್ಲ. ಸರ್ ಪೇಪರ್ ಎತ್ತಿ ಹಿಡಿದು ಅಂದ್ರು: "ನಿಂಗ್ಯಾಕಪ್ಪ ಬಿಕಾಂ? ಹೋಗಿ ಕುರಿ ಕಾಯಿ."

ಇಡೀ ಕ್ಲಾಸ್ ನಕ್ತು. ನಾನೂ ನಕ್ಕೆ.

ನಮ್ಮಪ್ಪ ಏನ್ ಮಾಡ್ತಾರೆ ಅಂತ ಸರ್‌ಗೆ ಗೊತ್ತಿಲ್ಲ. ಬೇಕು ಅಂತ ನನ್ನನ್ನೇ ಹುಡುಕಿ ಚುಚ್ಚಿದ್ದಲ್ಲ ಅದು. ಅವರು ಎಲ್ಲರಿಗೂ ಅದನ್ನೇ ಅಂತಾರೆ. ನಿಮ್ಮ ಕಾಲೇಜಲ್ಲೂ ಅಂತಾರೆ, ನಿಮ್ಮ ಹೈಸ್ಕೂಲಲ್ಲೂ ಅಂದಿದ್ರು, ನಿಮ್ಮನೇಲೂ ಅಂದಿರ್ತಾರೆ. ನೀವೂ ಯಾರಿಗಾದ್ರೂ ಅಂದಿರ್ತೀರಿ. ನಂಗೆ ಉರಿಯೋದು ಅದಕ್ಕೇ.

ಅದೇ ಶನಿವಾರ ನಮ್ಮ ಬೆಂಚಿನ ಐದು ಜನ ಹೊಸದಾಗಿ ಓಪನ್ ಆದ ಒಂದು ಕೆಫೆಗೆ ಹೋದ್ವಿ. ಕ್ಲಾಸಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದನಲ್ಲ, ಅವನೇ ಆರ್ಡರ್ ಮಾಡಿದ್ದು, ಮೆಡಿಟರೇನಿಯನ್ ಲ್ಯಾಂಬ್ ಬರ್ಗರ್, 495 ರೂಪಾಯಿ. ಜಿಎಸ್‌ಟಿ ಸೇರಿ 520. ಮೆನುವಿನಲ್ಲಿ ಆ ಐಟಂ ಪಕ್ಕ ಒಂದು ಪುಟ್ಟ ಚಿತ್ರ ಇತ್ತು: ಟೋಪಿ ಹಾಕಿ, ಕೋಲು ಹಿಡಿದು, ಬೆಟ್ಟದ ಮೇಲೆ ನಿಂತ ಕುರಿಗಾಹಿ. ಅವನು ಬರ್ಗರ್ ಜೊತೆ ಆ ಚಿತ್ರಾನೂ ಸೇರಿಸಿ ಸ್ಟೋರಿ ಹಾಕಿದ. ಮುನ್ನೂರು ಜನ ನೋಡಿದ್ರು.

ಕುರಿ ಕಾಯೋನು ಮೆನುವಿನಲ್ಲಿದ್ರೆ ಅಲಂಕಾರ, ಕ್ಲಾಸ್‌ರೂಮಲ್ಲಿ ಬೈಗುಳ. ಎರಡೂ ಒಟ್ಟಿಗೆ ನಡೆಯಲ್ಲ ಗುರು. ಒಂದನ್ನ ಬಿಡಿ.

ಭಾಗ 2

ಮೊದಲು ಲ್ಯಾಂಬ್ ಅನ್ನೋ ಪದ ಇತ್ಯರ್ಥ ಮಾಡೋಣ. ಎಷ್ಟೋ ಅಡುಗೆ ರೀಲ್ಸಲ್ಲಿ "ಇಂಡಿಯಾದಲ್ಲಿ ಒಳ್ಳೆ ಲ್ಯಾಂಬ್ ಸಿಗಲ್ಲ, ಇಂಪೋರ್ಟೆಡ್ ತಗೊಳ್ಳಿ" ಅಂತಾರೆ. ಚಿತ್ರದುರ್ಗ ಜಿಲ್ಲೆಯವನ ಮುಂದೆ ಆ ಮಾತಾಡಬೇಡಿ.

ಇಂಗ್ಲಿಷಲ್ಲಿ ಲ್ಯಾಂಬ್ ಅಂದ್ರೆ ಸುಮಾರು ವರ್ಷದೊಳಗಿನ ಕುರಿಮರಿ ಮಾಂಸ. ಬೆಳೆದ ಕುರಿದು ಮಟನ್. ನಮ್ಮ ದೇಶದಲ್ಲಿ ಈ ಲೆಕ್ಕ ಇಲ್ಲ, ಮಟನ್ ಅಂದ್ರೆ ಕುರಿನೂ ಆಗಬಹುದು ಮೇಕೆನೂ ಆಗಬಹುದು. ದೇಶದಲ್ಲಿ ಮೇಕೆ ಸಂಖ್ಯೆ ಕುರಿಗೆ ಹತ್ತಿರ ಹತ್ತಿರ ಎರಡರಷ್ಟಿದೆ, ಹಾಗಾಗಿ ಎಷ್ಟೋ ರಾಜ್ಯಗಳಲ್ಲಿ ಮಟನ್ ಕೇಳಿದ್ರೆ ಮೇಕೆನೇ ಕೊಡ್ತಾರೆ. ಆ ರಾಜ್ಯದೋರು "ಲ್ಯಾಂಬ್ ಸಿಗಲ್ಲ" ಅಂದ್ರೆ ಒಪ್ಪೋಣ. ನಾವು ಹಾಗನ್ನೋದು ನಾಚಿಕೆಗೇಡು. 2019ರ ಜಾನುವಾರು ಗಣತಿ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿ ಇವೆ. ತೆಲಂಗಾಣ, ಆಂಧ್ರ ಬಿಟ್ರೆ ಮೂರನೇ ಜಾಗ ನಮ್ಮದು. ಮಂಡ್ಯ ಕಡೆ ಬನ್ನೂರು ಕುರಿ ಇದೆ, ಗಿಡ್ಡ ಕಾಲಿನ, ಮೈತುಂಬಿದ ಕುರಿ, ಅದರ ಮಾಂಸದ ಹೆಸರು ಬೆಂಗಳೂರಿನ ಹೋಟೆಲ್ ಬೋರ್ಡ್ ಮೇಲೇ ಇರುತ್ತೆ. ರಾಯಚೂರು, ಕೊಪ್ಪಳ ಕಡೆ ಕೆಂಗುರಿ. ನಮ್ಮ ಕಡೆ ಬಳ್ಳಾರಿ ಕುರಿ, ಡೆಕ್ಕನಿ ಕುರಿ. ಚಳ್ಳಕೆರೆ ಕಂಬಳಿ ಅಂತೀರಲ್ಲ, ಆ ಉಣ್ಣೆ ಇವುಗಳದ್ದೇ.

ಈಗ ತಮಾಷೆ ಕೇಳಿ. ಸಂತೇಲಿ ನಮ್ಮಜ್ಜ ಮರಿ ಕೊಳ್ಳುವಾಗ ಮೊದಲು ಬಾಯಿ ಬಿಚ್ಚಿಸಿ ಹಲ್ಲು ನೋಡ್ತಿದ್ರು. ಕುರಿಗೆ ಮೇಲ್ದವಡೆ ಮುಂದೆ ಹಲ್ಲೇ ಇರಲ್ಲ, ಕೆಳಗೆ ಎಂಟು. ಎಂಟೂ ಹಾಲುಹಲ್ಲಾದ್ರೆ ಎಳೇದು. ನಡುವಿನ ಎರಡು ಉದುರಿ ದೊಡ್ಡ ಹಲ್ಲು ಬಂದಿದ್ರೆ "ಎರಡಲ್ಲಾಗಿದೆ", ಅಂದ್ರೆ ವರ್ಷ ದಾಟಿದೆ. ಇದೇನೋ ಹಳ್ಳಿ ಲೆಕ್ಕ ಅಂತ ನಾನು ಅಂದ್ಕೊಂಡಿದ್ದೆ. ಜಗತ್ತಿಗೆಲ್ಲ ಲ್ಯಾಂಬ್ ಕಳಿಸೋ ಆಸ್ಟ್ರೇಲಿಯಾ, ನ್ಯೂಜಿಲೆಂಡಲ್ಲೂ ಯಾವುದನ್ನ ಲ್ಯಾಂಬ್ ಅಂತ ಮಾರಬಹುದು ಅನ್ನೋದನ್ನ ಆ ಹಲ್ಲು ನೋಡೇ ತೀರ್ಮಾನ ಮಾಡ್ತಾರೆ. ಅಲ್ಲಿ ಅದು ನಿಯಮ, ಪುಸ್ತಕದಲ್ಲಿ ಬರೆದಿದೆ. ಅಜ್ಜಂಗೆ ಅದು ಬೆರಳ ತುದೀಲಿತ್ತು.

ಭಾಗ 3

ಮೆಡಿಟರೇನಿಯನ್ ಅನ್ನೋ ಇನ್ನೊಂದು ಪದ. ಮೇಯನೇಸ್ ಮೇಲೆ ಎರಡು ಆಲಿವ್ ಇಟ್ರೆ ಮೆಡಿಟರೇನಿಯನ್ ಅಂತ ನಮ್ಮ ಕೆಫೆಗಳು ತೀರ್ಮಾನ ಮಾಡಿವೆ. ಅದು ಒಂದು ಸಮುದ್ರ ಸ್ವಾಮಿ. ಸುತ್ತ ಇಪ್ಪತ್ತಕ್ಕೂ ಹೆಚ್ಚು ದೇಶ.

ಸತ್ಯ ಹೇಳ್ಬೇಕು ಅಂದ್ರೆ ಅಲ್ಲಿಯ ಯಾವ ಅಜ್ಜಿಯೂ ಲ್ಯಾಂಬ್ ಬರ್ಗರ್ ಅಂತ ಮಾಡ್ತಿರಲಿಲ್ಲ. ಬರ್ಗರ್ ಅನ್ನೋ ಹೆಸರು ಜರ್ಮನಿಯ ಹ್ಯಾಂಬರ್ಗ್ ಊರಿಂದ ಬಂದಿದ್ದು, ಬೆಳೆದದ್ದು ಅಮೆರಿಕದಲ್ಲಿ. ಮೆಡಿಟರೇನಿಯನ್ ಸುತ್ತ ಇರೋದು ಅದರ ಒಳಗಿನ ಉಂಡೆ. ಟರ್ಕಿಯಲ್ಲಿ ಕೋಫ್ತೆ, ಅದನ್ನ ಬ್ರೆಡ್ ಒಳಗಿಟ್ಟು ರಸ್ತೇಲಿ ಮಾರ್ತಾರೆ. ಲೆಬನಾನ್, ಸಿರಿಯಾ, ಪ್ಯಾಲೆಸ್ಟೈನ್ ಕಡೆ ಕಫ್ತಾ, ಅದನ್ನ ಪೀಟಾ ರೊಟ್ಟಿ ಒಳಗೆ ಹಸಿಯಾಗೇ ಸವರಿ ಕೆಂಡದ ಮೇಲೆ ಸುಟ್ರೆ ಅರಾಯೆಸ್. ಗ್ರೀಸಲ್ಲಿ ಬಿಫ್ತೇಕಿ. ಲ್ಯಾಂಬ್ ಬರ್ಗರ್ ಅಂದ್ರೆ ಇವರ ಉಂಡೆ ಅಮೆರಿಕದ ಬನ್ನಿಗೆ ಮದುವೆ ಆಗಿದ್ದು.

ಕೋಫ್ತಾ ಅನ್ನೋದು ಪರ್ಷಿಯನ್ನಿನ ಕುಟ್ಟು ಅನ್ನೋ ಕ್ರಿಯಾಪದದಿಂದ ಬಂದ ಪದ. ಟರ್ಕಿ ಭಾಷೇಲಿ ಕೊಚ್ಚಿದ ಮಾಂಸಕ್ಕೆ ಏನಂತಾರೆ ಗೊತ್ತಾ? ಕಿಯ್ಮಾ. ನಮ್ಮ ಮಟನ್ ಅಂಗಡೀಲಿ "ಅರ್ಧ ಕೆಜಿ ಕೈಮ ಕೊಡಣ್ಣ" ಅಂತೀವಲ್ಲ, ಅದೇ ಪದ, ದಾರಿಯುದ್ದಕ್ಕೂ ಬಾಯಿಂದ ಬಾಯಿಗೆ ಬಂದಿದ್ದು. ನಮ್ಮ ಕೈಮ ಉಂಡೆ ಆ ಮನೆತನದ್ದೇ. ಯಾರೋ ಹೊರಗಿನದನ್ನ ನಾವು ಕಷ್ಟಪಟ್ಟು ಕಲೀಬೇಕಾಗಿಲ್ಲ, ನಮ್ಮವ್ವ ಹಬ್ಬದ ಮಾರನೇ ದಿನ ಸಾರಿಗೆ ಬಿಡೋ ಉಂಡೆಯ ದೂರದ ಅಣ್ಣತಮ್ಮ ಇದು.

ಆದ್ರೆ ನಾನು ಮೆಡಿಟರೇನಿಯನ್ ಬಗ್ಗೆ ಹೇಳಬೇಕಿದ್ದ ಮುಖ್ಯ ವಿಷಯ ಬೇರೆ. ಅಲ್ಲೂ ಬೇಸಿಗೆಗೆ ಬೆಟ್ಟ, ಚಳಿಗಾಲಕ್ಕೆ ಬಯಲು ಅಂತ ಕುರಿ ಹೊಡ್ಕೊಂಡು ವಲಸೆ ಹೋಗ್ತಾರೆ. ಗ್ರೀಸ್, ಇಟಲಿ, ಆಸ್ಟ್ರಿಯಾ ಮೂರೂ ಸೇರಿ ಈ ವಲಸೆಯನ್ನ 2019ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆ ಪಟ್ಟಿಗೆ ಸೇರಿಸಿದ್ವು. 2023ರಲ್ಲಿ ಸ್ಪೇನ್, ಫ್ರಾನ್ಸ್, ಅಲ್ಬೇನಿಯಾ ಹೀಗೆ ಇನ್ನಷ್ಟು ದೇಶ ಸೇರ್ಕೊಂಡ್ವು. ಸ್ಪೇನಿನ ರಾಜಧಾನಿ ಮ್ಯಾಡ್ರಿಡಲ್ಲಿ 1994ರಲ್ಲಿ ಶುರುವಾದ ಒಂದು ಹಬ್ಬ ಇದೆ. ಶರತ್ಕಾಲದಲ್ಲಿ ಕುರಿಹಿಂಡನ್ನ ನಗರದ ನಡುಬೀದೀಲಿ ಹೊಡ್ಕೊಂಡು ಹೋಗ್ತಾರೆ, ಕುರಿ ದಾರಿಯ ಹಕ್ಕು ನಮ್ಮದು ಅಂತ. ಜನ ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ನೋಡ್ತಾರೆ.

ಫೆಟಾ ಚೀಸ್ ಕಥೆನೂ ಕೇಳಿ. ಅದು ಉಪ್ಪುನೀರಲ್ಲಿಟ್ಟ ಕುರಿಹಾಲಿನ ಚೀಸ್. ಕನಿಷ್ಠ 70 ಭಾಗ ಕುರಿಹಾಲೇ ಇರಬೇಕು, ಮಿಕ್ಕಿದ್ದು ಮೇಕೆ ಹಾಲು ಆಗಬಹುದು. ಆ ಹೆಸರು ಗ್ರೀಸಿಗೆ ಮಾತ್ರ ಸೇರಿದ್ದು ಅಂತ ಯುರೋಪಿಯನ್ ಒಕ್ಕೂಟ 2002ರಲ್ಲಿ ನೋಂದಾಯಿಸ್ತು. ಡೆನ್ಮಾರ್ಕ್, ಜರ್ಮನಿ ಕೋರ್ಟಿಗೆ ಹೋದ್ವು. 2005ರಲ್ಲಿ ಗ್ರೀಸೇ ಗೆದ್ದಿತು. ಕುರಿ ಕಾಯೋರ ಕೈಯಲ್ಲಿ ಹುಟ್ಟಿದ ಒಂದು ಚೀಸಿನ ಹೆಸರಿಗೆ ಒಂದು ದೇಶ ಕೋರ್ಟಲ್ಲಿ ನಿಂತಿದೆ.

ನೀವು ಆ ಚೀಸನ್ನ ಬರ್ಗರ್ ಮೇಲೆ ಉದುರಿಸ್ಕೊಂಡು ತಿಂತಾ, ಪಕ್ಕದವನಿಗೆ "ಲೇ ಕುರಿ" ಅಂತೀರಿ.

ಭಾಗ 4

ಅಡುಗೆಗೆ ಬರೋಣ. ನಾಲ್ಕು ಬರ್ಗರ್ ಲೆಕ್ಕ.

ಮಾಂಸ ಅರ್ಧ ಕೆಜಿ. ಮುಂಗಾಲಿನ ಮೇಲ್ಭಾಗ, ಅಂದ್ರೆ ಭುಜದ ಮಾಂಸ ಕೇಳಿ. ಬರೀ ತೊಡೆ ಮಾಂಸ ತಗೊಂಡ್ರೆ ಒಣಗುತ್ತೆ. ನಾನ್ನೂರು ಗ್ರಾಂ ಮಾಂಸ, ನೂರು ಗ್ರಾಂ ನೆಣ. ಹೌದು, ನೆಣ. ಅಂಗಡಿಯವರು "ಇದೆಲ್ಲ ಯಾಕೆ ಬಿಡಪ್ಪ" ಅಂತ ತೆಗೆದು ಹಾಕೋಕೆ ಹೋಗ್ತಾರೆ, ಬಿಡಬೇಡಿ. ನಮ್ಮ ಕುರಿ ಮೈಲಿಗಟ್ಟಲೆ ನಡೆದು ಮೇಯುತ್ತೆ, ಮಾಂಸದಲ್ಲಿ ಕೊಬ್ಬು ಕಮ್ಮಿ. ಐದರಲ್ಲಿ ಒಂದು ಪಾಲು ನೆಣ ಸೇರಿಸದೇ ಇದ್ರೆ ಹಂಚಿನ ಮೇಲೆ ನಿಮಗೆ ಸಿಗೋದು ಚಪ್ಪಲಿ ಅಟ್ಟೆ. ಮೆಷಿನ್ನಲ್ಲಿ ಒಂದೇ ಸಲ ಹಾಕ್ಸಿ. ಅದಕ್ಕೂ ಮುಂಚೆ ಮೆಷಿನ್ ತೊಳೀರಿ ಅಂತ ಹೇಳೋಕೆ ಸಂಕೋಚ ಬೇಡ.

ಇಲ್ಲಿ ನಿಲ್ತೀನಿ, ಯಾಕಂದ್ರೆ ನೆಣದ ಹತ್ರ ನಂದೊಂದು ಬಾಕಿ ಇದೆ.

ಪಿಯುಸಿ ಹಾಸ್ಟೆಲಲ್ಲಿ ಊರಿಂದ ಬಂದ ದಿನ ನನ್ನ ಬ್ಯಾಗಿಗೆ "ಕುರಿ ವಾಸನೆ" ಅಂತ ಒಬ್ಬ ಅಂದ. ಬ್ಯಾಗಲ್ಲಿದ್ದದ್ದು ಅವ್ವ ಕೊಟ್ಟ ಕಂಬಳಿ. ನಾನದನ್ನ ಮಾರನೇ ವಾರನೇ ವಾಪಸ್ ಮನೆಗೆ ತಗೊಂಡು ಹೋಗಿಟ್ಟೆ. ಚಳಿಗಾಲ ಪೂರ್ತಿ ಬೆಡ್‌ಶೀಟ್ ಹೊದ್ದು ಮಲಗಿದೆ.

ಕುರಿ ಮಾಂಸಕ್ಕೆ ಅದರದ್ದೇ ಆದ ವಾಸನೆ ಬರೋದು ನೆಣದಿಂದ. ಕುರಿ ಕೊಬ್ಬಲ್ಲಿ ಇರೋ ಕೆಲವು ಕೊಬ್ಬಿನಾಮ್ಲಗಳು ದನದ ಕೊಬ್ಬಲ್ಲೋ ಕೋಳಿ ಕೊಬ್ಬಲ್ಲೋ ಆ ಪ್ರಮಾಣದಲ್ಲಿ ಇರಲ್ಲ. ನೆಣ ಪೂರ್ತಿ ತೆಗೆದು ಬೇಯಿಸಿ ನೋಡಿ, ಯಾವ ಮಾಂಸ ಅಂತ ಹೇಳೋದೇ ಕಷ್ಟ ಆಗುತ್ತೆ. ಅಂದ್ರೆ ಕೆಫೆಯವನು ನಿಮ್ಮ ಹತ್ರ ಚಿಕನ್ ಬರ್ಗರಿಗಿಂತ ಹೆಚ್ಚು ದುಡ್ಡು ತಗೊಳ್ತಿರೋದು ಆ ವಾಸನೆಗೇ. ತಟ್ಟೇಲಿದ್ರೆ ಅದಕ್ಕೆ ನೀವು ಫ್ಲೇವರ್ ಅಂತೀರಿ.

ಮುಂದೆ.

ಒಂದು ದೊಡ್ಡ ಈರುಳ್ಳಿ ತುರೀರಿ, ಹೆಚ್ಚಬೇಡಿ. ತುರಿದದ್ದನ್ನ ಮುಷ್ಟೀಲಿ ಹಿಂಡಿ ನೀರು ತೆಗೀರಿ, ಇಲ್ಲಾಂದ್ರೆ ಉಂಡೆ ಒಡೆಯುತ್ತೆ. ಬೆಳ್ಳುಳ್ಳಿ ಮೂರು ಎಸಳು ಜಜ್ಜಿ. ಪುದೀನ ಒಂದು ಹಿಡಿ, ಕೊತ್ತಂಬರಿ ಸೊಪ್ಪು ಒಂದು ಹಿಡಿ, ಸಣ್ಣಗೆ. ಅಲ್ಲಿಯವರು ಹಾಕೋದು ಪಾರ್ಸ್ಲಿ, ನಮ್ಮ ಮಾರ್ಕೆಟಲ್ಲಿ ಸಿಗಲ್ಲ, ಕೊತ್ತಂಬರಿ ಅದರ ನೆಂಟನೇ. ಜೀರಿಗೆ ಒಂದು ಚಮಚ, ಧನಿಯ ಒಂದು ಚಮಚ ಹುರಿದು ಪುಡಿ. ಮೆಣಸಿನಪುಡಿ ಅಂದ್ರೆ ಇಲ್ಲಿ ಕರಿಮೆಣಸು, ಅರ್ಧ ಚಮಚ. ಚಕ್ಕೆ ಪುಡಿ ಎರಡು ಚಿಟಿಕೆ, ಮೂರಾದ್ರೆ ಪಾಯಸದ ಥರ ಆಗುತ್ತೆ. ಉಪ್ಪು ಒಂದು ಚಮಚಕ್ಕೆ ಸ್ವಲ್ಪ ಕಮ್ಮಿ.

ಶುಂಠಿ ಬೇಡ. ಗರಂ ಮಸಾಲ ಬೇಡ. ಮೊಟ್ಟೆ, ಹುರಿಗಡಲೆ ಹಿಟ್ಟು ಬೇಡ. ಅವೆಲ್ಲ ಹಾಕಿದ್ರೆ ಕೈಮ ಉಂಡೆ ಆಗುತ್ತೆ, ಅದೂ ಸೂಪರ್, ಆದ್ರೆ ಇವತ್ತಿನದು ಅದಲ್ಲ.

ಭಾಗ 5

ಅಮೆರಿಕದ ಬರ್ಗರ್ ವಿಡಿಯೋಗಳಲ್ಲಿ "ಮಾಂಸ ನಾದಬೇಡಿ" ಅಂತಾರೆ. ದನದ ಮಾಂಸದ ಬರ್ಗರಿಗೆ ಅದು ಸರಿ, ಅವರಿಗೆ ಅದು ಪುಡಿಪುಡಿಯಾಗಿ ಬಿಚ್ಚಿಕೊಳ್ಳಬೇಕು. ಕೋಫ್ತೆಗೆ ಉಲ್ಟಾ. ಉಪ್ಪು ಹಾಕಿ ಎರಡು ಮೂರು ನಿಮಿಷ ನಾದಿ, ಅಂಗೈಗೆ ಅಂಟೋಕೆ ಶುರುವಾಗೋವರೆಗೂ. ಉಪ್ಪಿಗೆ ಮಾಂಸದ ಪ್ರೋಟೀನ್ ಬಿಟ್ಕೊಂಡು ಅದೇ ಗೋಂದು ಆಗುತ್ತೆ, ಅದಕ್ಕೇ ಮೊಟ್ಟೆ ಬೇಡ ಅಂದಿದ್ದು. ಆಮೇಲೆ ಅರ್ಧ ಗಂಟೆ ಫ್ರಿಜ್. ನನ್ನ ರೂಮಲ್ಲಿ ಫ್ರಿಜ್ ಇಲ್ಲ, ಕೆಳಗಿನ ಮನೆ ಆಂಟಿ ಫ್ರಿಜಲ್ಲಿ ಇಟ್ಟೆ. (ನಾನ್‌ವೆಜ್ ಮಾಡಬಹುದು ಅನ್ನೋ ರೂಮ್ ಹುಡುಕೋಕೆ ಹನ್ನೊಂದು ದಿನ ಅಲೆದಿದ್ದು ಬೇರೆ ಸೀರೀಸ್.)

ನಾಲ್ಕು ಪಾಲು ಮಾಡಿ ತಟ್ಟಿ. ಬನ್ನಿಗಿಂತ ಎರಡು ಬೆರಳು ಅಗಲ ಇರಲಿ, ಬೆಂದಾಗ ಕುಗ್ಗುತ್ತೆ. ನಡುವೆ ಹೆಬ್ಬೆರಳಲ್ಲಿ ಒಂದು ಗುಳಿ ಒತ್ತಿ, ಇಲ್ಲಾಂದ್ರೆ ಉಬ್ಬಿ ಚೆಂಡಾಗುತ್ತೆ. ಕಬ್ಬಿಣದ ದೋಸೆ ಹಂಚು ಚೆನ್ನಾಗಿ ಕಾಯ್ಬೇಕು. ದಾವಣಗೆರೆಯಲ್ಲಿ ಇದ್ಕೊಂಡು ಹಂಚು ಇಲ್ಲ ಅನ್ನೋಹಾಗಿಲ್ಲ. ಎಣ್ಣೆ ಒಂದೇ ಹನಿ, ಮಿಕ್ಕಿದ್ದನ್ನ ನೆಣನೇ ಬಿಡುತ್ತೆ. ಒಂದು ಕಡೆ ನಾಲ್ಕು ನಿಮಿಷ ಮುಟ್ಟಬೇಡಿ. ಸೌಟಲ್ಲಿ ಒತ್ತಬೇಡಿ, ಒತ್ತಿದ್ರೆ ರಸ ಎಲ್ಲ ಹಂಚಿಗೆ. ತಿರುವಿ ಇನ್ನೊಂದು ನಾಲ್ಕು ನಿಮಿಷ.

ಒಳಗೆ ಗುಲಾಬಿ ಬಣ್ಣ ಇದ್ರೆ ಸ್ಟೈಲ್ ಅನ್ನೋ ರೀಲ್ಸ್ ನಂಬಬೇಡಿ. ಇಡೀ ತುಂಡು ಮಾಂಸಕ್ಕೆ ಆ ಮಾತು ಬೇರೆ, ಅದರಲ್ಲಿ ಕ್ರಿಮಿ ಹೊರಮೈ ಮೇಲಿರುತ್ತೆ, ಸುಟ್ಟು ಹೋಗುತ್ತೆ. ಕೈಮದಲ್ಲಿ ಹೊರಗಿಂದು ಒಳಗೂ ಸೇರಿರುತ್ತೆ. ನಡುಭಾಗ 71 ಡಿಗ್ರಿ ಮುಟ್ಟಬೇಕು. ಥರ್ಮಾಮೀಟರ್ ಇಲ್ದಿದ್ರೆ ಒಂದನ್ನ ಮುರಿದು ನೋಡಿ, ರಸ ತಿಳಿಯಾಗಿರಬೇಕು. ಆ ಮುರಿದದ್ದು ಅಡುಗೆಯವನ ಪಾಲು.

ಮೊಸರಿಗೆ ಬರೋಣ. ಗ್ರೀಸಿನ ಜಾಜಿಕಿ, ಟರ್ಕಿಯ ಜಜಿಕ್, ನಮ್ಮ ಸೌತೆಕಾಯಿ ಮೊಸರುಬಜ್ಜಿ, ಮೂರೂ ಒಂದೇ ಕಡೆ ಕೂರೋ ಜನ. ಅರ್ಧ ಲೀಟರ್ ಗಟ್ಟಿ ಮೊಸರನ್ನ ಬಟ್ಟೇಲಿ ಕಟ್ಟಿ ಎರಡು ಗಂಟೆ ನೇತುಹಾಕಿ. ಸೌತೆಕಾಯಿ ತುರಿದು ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಹಿಂಡಿ. ಒಂದು ಎಸಳು ಬೆಳ್ಳುಳ್ಳಿ, ಪುದೀನ, ನಿಂಬೆ. ಆಲಿವ್ ಎಣ್ಣೆ ಇದ್ರೆ ಒಂದು ಚಮಚ. ಇಲ್ದಿದ್ರೆ ಶೇಂಗಾ ಎಣ್ಣೆ ಹಾಕಿ, ರುಚಿ ಬೇರೆ ಆಗುತ್ತೆ, ಕೆಡಲ್ಲ. ನಾನು ಚಳ್ಳಕೆರೆ ಕಡೆಯವನು, ಎಣ್ಣೆ ಗಿರಣಿಗಳ ಊರು, ನಂಗೆ ಶೇಂಗಾ ಎಣ್ಣೆ ಬಗ್ಗೆ ಕೆಟ್ಟದ್ದು ಹೇಳೋಕೆ ಬಾಯಿ ಬರಲ್ಲ.

ಬಿಳಿ ಎಳ್ಳು ಹುರಿದು, ಎಣ್ಣೆ ಬಿಟ್ಟು ನುಣ್ಣಗೆ ರುಬ್ಬಿದ್ರೆ ತಹಿನಿ. ಫೆಟಾ ಇಲ್ಲ, ನಾನು ಪನೀರ್ ಪುಡಿ ಮಾಡಿ ಉಪ್ಪುನೀರು ನಿಂಬೆರಸದಲ್ಲಿ ರಾತ್ರಿಯಿಡೀ ನೆನೆಸಿದೆ. ಅದು ಫೆಟಾ ಅಲ್ಲ. ಗ್ರೀಸಿನವರು ಕೋರ್ಟಿಗೆ ಹೋಗಿ ಗೆದ್ದ ಹೆಸರನ್ನ ನಾನು ಪನೀರಿಗೆ ಇಡಲ್ಲ. ಉಪ್ಪುಪನೀರ್ ಅಂತ ಕರೀರಿ.

ಬನ್ ಬೇಕರೀದು. ಸಿಹಿ ಬನ್ ತರಬೇಡಿ ದಯವಿಟ್ಟು. ಸಪ್ಪೆ ಬನ್ ಅಂತ ಬಿಡಿಸಿ ಕೇಳಿ. ಅದೇ ಹಂಚಲ್ಲಿ, ಅದೇ ನೆಣದಲ್ಲಿ ಒಳಭಾಗ ಕೆಂಪಗೆ ಸುಟ್ಕೊಳ್ಳಿ. ಈರುಳ್ಳಿ ಬಿಲ್ಲೆ, ಟೊಮೆಟೊ. ಸಾಕು. ಮೇಯನೇಸ್ ಹಾಕಿದ್ರೆ ನಂಗೆ ಟ್ಯಾಗ್ ಮಾಡಬೇಡಿ.

ಭಾಗ 6

20ಕ್ಕೆ 6 ತಗೊಂಡವನ ಕಾಸ್ಟ್ ಶೀಟ್.

ಕೈಮ ಅರ್ಧ ಕೆಜಿ, ಕೆಜಿಗೆ 800ರಂತೆ: 400. ಬನ್ ನಾಲ್ಕು: 40. ಮೊಸರು: 30. ಪನೀರ್: 45. ಸೊಪ್ಪು, ಸೌತೆ, ನಿಂಬೆ, ಈರುಳ್ಳಿ ಎಲ್ಲ: 30. ಎಳ್ಳು: 20. ಗ್ಯಾಸ್ ಅಂದಾಜು: 15. ಒಟ್ಟು 580. ಒಂದಕ್ಕೆ 145.

ಕೆಫೆದು 520. ಅವರಿಗೆ ಬಾಡಿಗೆ ಇದೆ, ಸಂಬಳ ಇದೆ, ಎಸಿ ಇದೆ, ಅದು ಓವರ್‌ಹೆಡ್, ನಂಗೆ ಅರ್ಥ ಆಗುತ್ತೆ. ಅವರ ಜೊತೆ ನಂಗೆ ಜಗಳ ಇಲ್ಲ. ಈಗ ಇನ್ನೊಂದು ಲೆಕ್ಕ ನೋಡಿ, ಇದು ಪುಸ್ತಕದಲ್ಲಿ ಇಲ್ಲ.

ಹೋದ ಸಲ ಅಪ್ಪ ಸಂತೇಲಿ ಮಾರಿದ ಒಂದು ಟಗರುಮರಿ 24 ಕೆಜಿ ಇತ್ತು, 8,500ಕ್ಕೆ ಹೋಯ್ತು. ಚರ್ಮ, ತಲೆ, ಕಾಲು, ಕರುಳು ಕಳೆದು ಮಾಂಸ ಅರ್ಧ ಅಂತ ಹಿಡಿದ್ರೆ 12 ಕೆಜಿ. ಅಲ್ಲಿಗೆ ಕೆಜಿ ಮಾಂಸಕ್ಕೆ ಅಪ್ಪಂಗೆ ಸಿಕ್ಕಿದ್ದು 708. ಒಂದು ಬರ್ಗರಿನ 125 ಗ್ರಾಂಗೆ 89 ರೂಪಾಯಿಗೂ ಒಂದಿಷ್ಟು ಪೈಸೆ ಕಮ್ಮಿ.

520ರಲ್ಲಿ 89. ಅದು ಲಾಭ ಅಲ್ಲ, ಅದು ಬಂದ ದುಡ್ಡು. ಅದರಲ್ಲೇ ಹಿರೇಬೇನೆ, ಕರುಳುಬೇನೆ ಲಸಿಕೆಗೆ ಓಡಾಡಿದ ಖರ್ಚು, ಜಂತಿನ ಔಷಧಿ, ಬೇಸಿಗೇಲಿ ಕೊಂಡ ಮೇವು, ರೊಪ್ಪಕ್ಕೆ ತೋಳ ನುಗ್ಗಿ ಹೋದ ಮರಿಗಳ ನಷ್ಟ ಎಲ್ಲ ಕಳೀಬೇಕು. ಆಮೇಲೆ ಕೂಲಿ. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ, ವರ್ಷಕ್ಕೆ 365 ದಿನ, ಅಪ್ಪ ಒಬ್ರು, ಚಿಕ್ಕಪ್ಪ ಒಬ್ರು. ಈ ಕೂಲಿನ ಯಾರೂ ಯಾವತ್ತೂ ಲೆಕ್ಕ ಹಾಕಿಲ್ಲ. ಕಾಸ್ಟ್ ಅಕೌಂಟಿಂಗಲ್ಲಿ ಇದಕ್ಕೆ ನೋಷನಲ್ ಕಾಸ್ಟ್ ಅಂತಾರೆ, ಕೈಯಿಂದ ದುಡ್ಡು ಹೋಗದಿದ್ರೂ ನಿಜವಾಗಿ ತಗಲಿದ ವೆಚ್ಚ. ಆ ಪ್ರಶ್ನೆಗೆ ನಾನು ಇಂಟರ್ನಲ್ಸಲ್ಲಿ ಸೊನ್ನೆ ತಗೊಂಡಿದ್ದೆ. ಈಗ ಕೇಳಿ ಸರ್, ಈಗ ಬರೀತೀನಿ.

ಇನ್ನೊಂದು. ಅಪ್ಪಂಗೆ 140 ಕುರಿ. ಯಾವುದು ಯಾವಾಗ ಈದಿದ್ದು, ಯಾವುದರ ಮರಿ ಯಾವುದು, ಯಾವುದಕ್ಕೆ ಹೋದ ವರ್ಷ ಕಾಲು ನೋವಿತ್ತು, ಯಾರಿಗೆ ಎಷ್ಟಕ್ಕೆ ಮಾರಿದ್ದು, ಎಲ್ಲ ತಲೇಲಿ. ಸಂಜೆ ರೊಪ್ಪದ ಬಾಯಲ್ಲಿ ನಿಂತು ಒಂದು ಕಮ್ಮಿ ಇದ್ರೆ ಎಣಿಸದೇ ಹೇಳ್ತಾರೆ. ನಮ್ಮ ಕ್ಲಾಸಲ್ಲಿ 62 ಜನ. ಅಟೆಂಡೆನ್ಸ್ ತಗೊಳ್ಳೋಕೆ ಹತ್ತು ನಿಮಿಷ ಬೇಕು, ಅದರಲ್ಲೂ ಪ್ರಾಕ್ಸಿ.

ಭಾಗ 7

ಈಗ ನೀವು ಹೇಳೋದು ನಂಗೊತ್ತು.

"ಅದೊಂದು ಮಾತಿನ ರೂಢಿ, ಯಾರೂ ಸೀರಿಯಸ್ ಆಗಿ ಹೇಳಲ್ಲ." ಸೀರಿಯಸ್ ಆಗಿ ಹೇಳದೇ ಇರೋದಕ್ಕೇ ಅದು ಇಷ್ಟು ವರ್ಷ ಉಳಿದಿರೋದು. ಎಮ್ಮೆ ಕಾಯೋಕೆ ಹೋಗು, ಕುರಿ ಕಾಯೋಕೆ ಹೋಗು ಅಂತೀರೇ ಹೊರತು ಓದದಿದ್ರೆ ಬಡ್ಡಿ ವ್ಯವಹಾರ ಮಾಡು ಅಂತ ಯಾರಿಗೂ ಬೈಯಲ್ಲ. ಯಾವ ಕೆಲಸ ಬೈಗುಳ ಆಗಬೇಕು ಅಂತ ಯಾರೋ ಆರಿಸಿದ್ದಾರೆ. ನಮ್ಮ ಕಡೆ ಕುರಿ ಸಾಕೋರು ಯಾರು? ಕುರುಬರು, ಕಾಡುಗೊಲ್ಲರು. ಹಾಗಾಗಿ ಜಾತಿ ಇದರಲ್ಲಿ ಇಲ್ಲವೇ ಇಲ್ಲ ಅಂತ ನಂಗೆ ಹೇಳೋಕೆ ಬರಬೇಡಿ.

"ಹಂಗಾದ್ರೆ ನೀನ್ಯಾಕೆ ಬಿಕಾಂ ಓದ್ತಿದ್ದೀಯ, ಕುರಿ ಕಾಯಬಹುದಿತ್ತಲ್ಲ?"

ಇದು ಒಳ್ಳೆ ಪ್ರಶ್ನೆ. ಇದಕ್ಕೆ ನನ್ನ ಹತ್ರ ಹೊಡೆದಂಥ ಉತ್ತರ ಇಲ್ಲ. ನಮ್ಮಪ್ಪಂಗೇ ನಾನು ಕುರಿ ಕಾಯೋದು ಬೇಡ. ಮಳೇಲಿ, ಬಿಸಿಲಲ್ಲಿ, ಬೇರೆಯವರ ಹೊಲದ ಬದುವಲ್ಲಿ ಮಲಗಿ ಅವರಿಗೆ ಸಾಕಾಗಿದೆ. ಹುಲ್ಲುಗಾವಲು ಕಮ್ಮಿ ಆಗ್ತಿದೆ, ಬೇಲಿ ಜಾಸ್ತಿ ಆಗ್ತಿದೆ. ಕಷ್ಟದ ಕೆಲಸ ಬೇಡ ಅನ್ನೋದು ಬೇರೆ, ಅದನ್ನ ದಡ್ಡರ ಕೆಲಸ ಅನ್ನೋದು ಬೇರೆ. ಅಪ್ಪ ಮೊದಲನೇದು ಹೇಳ್ತಾರೆ. ಸರ್ ಹೇಳಿದ್ದು ಎರಡನೇದು. ನಾನು ಬಿಕಾಂ ಮುಗಿಸಿ ಏನ್ ಮಾಡ್ತೀನೋ ಗೊತ್ತಿಲ್ಲ. ಅಪ್ಪನ ಲೆಕ್ಕ ಬರೆಯೋಕಾದ್ರೂ ಅದು ಬೇಕು ಅನ್ಸುತ್ತೆ ಈಗ.

ನಾನು ಬರೀ ನಿಮ್ಮನ್ನ ಬೈದು ಹೋದ್ರೆ ಅನ್ಯಾಯ ಆಗುತ್ತೆ, ನಂದೂ ಒಂದಿದೆ.

ಪಿಯುಸಿಯಿಂದ ಇಲ್ಲೀವರೆಗೂ ಯಾರಾದ್ರೂ ಕೇಳಿದ್ರೆ ನಾನು ಹೇಳ್ತಿದ್ದದ್ದು "ಅಪ್ಪಂದು ಬಿಸಿನೆಸ್". ಸುಳ್ಳೇನಲ್ಲ, ಆದ್ರೆ ಸುಳ್ಳೇ. ಭತ್ತದ ಕಟಾವು ಮುಗಿದ ಮೇಲೆ ನಮ್ಮ ಕಡೆಯ ಕುರಿಗಳು ಭದ್ರಾ ನಾಲೆ ಗದ್ದೆಗಳಿಗೆ ಬರ್ತವೆ. ಕೂಳೆ ಮೇಯೋಕೆ. ರಾತ್ರಿ ಗದ್ದೇಲಿ ಮಂದೆ ಹಾಕಿದ್ರೆ ಗೊಬ್ಬರ ಬೀಳುತ್ತೆ ಅಂತ ರೈತರು ಕಾಳೋ ದುಡ್ಡೋ ಕೊಡ್ತಾರೆ. ಹೋದ ವರ್ಷ ದಾವಣಗೆರೆ ಹೊರಗೆ ಗೆಳೆಯನ ಬೈಕ್ ಹಿಂದೆ ಹೋಗ್ತಿದ್ದೆ. ರಸ್ತೆ ತುಂಬ ಕುರಿ. ಗೆಳೆಯ ಹಾರ್ನ್ ಹೊಡೆದೂ ಹೊಡೆದೂ ಬೈದ. ಮುಂದೆ ಕೋಲು ಅಡ್ಡ ಹಿಡಿದು ದಾರಿ ಮಾಡಿಕೊಡ್ತಿದ್ದೋರು ನಮ್ಮಪ್ಪ.

ನಾನು ಹೆಲ್ಮೆಟ್ ಗ್ಲಾಸ್ ಕೆಳಗೆ ಎಳ್ಕೊಂಡೆ.

ಅವರು ನನ್ನನ್ನ ನೋಡಿದ್ರಾ ಇಲ್ವಾ ಅಂತ ಇವತ್ತಿಗೂ ಕೇಳಿಲ್ಲ. ನೂರಾನಲವತ್ತು ಕುರಿ ಮುಖ ಗುರುತಿಡೋ ಮನುಷ್ಯನಿಗೆ ಮಗನ ಅಂಗಿ ಗುರುತಾಗಲ್ವಾ?

ಮ್ಯಾಡ್ರಿಡಲ್ಲಿ ಜನ ರಸ್ತೆಬದಿ ನಿಂತು ನೋಡ್ತಾರೆ ಅಂತ ಭಾಗ 3ರಲ್ಲಿ ಬರೆದೆನಲ್ಲ, ಅದನ್ನ ಓದಿದ ದಿನ ರಾತ್ರಿ ನಂಗೆ ನಿದ್ದೆ ಬರಲಿಲ್ಲ. ಸರ್ ಮಾತಿಗಿಂತ ಅದು ಜಾಸ್ತಿ ಕೊರೀತು.

ಈ ಭಾನುವಾರ ಬೆಂಚಿನವರನ್ನೆಲ್ಲ ರೂಮಿಗೆ ಕರೆದೆ. ಜೋರಾಗಿ ನಕ್ಕವನೂ ಬಂದಿದ್ದ, ಬೈಕಿನವನೂ ಬಂದಿದ್ದ. ಮಾಂಸ ಊರಿಂದ, ನಮ್ಮದೇ ಮರಿ, ಚಿಕ್ಕಪ್ಪ ಬೆಳಗಿನ ಬಸ್ಸಿಗೆ ಐಸ್ ಹಾಕಿ ಕಳಿಸಿದ್ರು. (ಕಾಸ್ಟ್ ಶೀಟಲ್ಲಿ ಮಾರ್ಕೆಟ್ ರೇಟ್ ಹಾಕಿದೀನಿ, ಮನೆ ಮಾಲು ಅಂತ ಸೊನ್ನೆ ಹಾಕಿದ್ರೆ ಮತ್ತೆ ಅದೇ ತಪ್ಪು.) ತಿಂದ್ರು. ಕೆಫೆದಕ್ಕಿಂತ ಚೆನ್ನಾಗಿದೆ ಅಂದ್ರು. ಎಲ್ಲಿ ತಗೊಂಡೆ ಲ್ಯಾಂಬ್ ಅಂತ ಕೇಳಿದ್ರು. ಫೋನಲ್ಲಿ ಎರಡನೇ ಫೋಟೋ ತೋರಿಸ್ದೆ. ಬೈಕಿನವನು ಬಹಳ ಹೊತ್ತು ಫೋಟೋ ನೋಡ್ದ. ಆಮೇಲೆ ತಟ್ಟೆ ತೊಳೆಯೋಕೆ ಎದ್ದ, ಐದೂ ತಟ್ಟೆ ಅವನೇ ತೊಳೆದ. ಏನೂ ಮಾತಾಡಲಿಲ್ಲ. ನಕ್ಕವನು "ಸಾರಿ ಲೇ" ಅಂದ, ಮತ್ತೆ ಇನ್ನೊಂದು ಬರ್ಗರ್ ಇದೆಯಾ ಅಂತ ಕೇಳ್ದ. ಇರಲಿಲ್ಲ.

ಸರ್ ಈ ಅಕೌಂಟ್ ಫಾಲೋ ಮಾಡಲ್ಲ. ಆದ್ರೆ ಕ್ಲಾಸಿನ 40 ಜನ ಮಾಡ್ತೀರಿ. ಮುಂದಿನ ಸಲ ಸರ್ ಆ ಮಾತು ಅಂದಾಗ ನಗಬೇಡಿ. ಎದ್ದು ನಿಂತು ಭಾಷಣ ಮಾಡಿ ಅಂತ ಹೇಳ್ತಿಲ್ಲ, ನಂಗೂ ಆ ಧೈರ್ಯ ಇಲ್ಲ. ಸುಮ್ನೆ ನಗದೇ ಕೂತ್ಕೊಳ್ಳಿ. 62 ಜನ ನಗದಿದ್ರೆ ಸರ್‌ಗೇ ಕೇಳಿಸುತ್ತೆ.

ಅಪ್ಪಂಗೆ ಬರ್ಗರ್ ಫೋಟೋ ಚಿಕ್ಕಪ್ಪನ ವಾಟ್ಸಾಪಿಗೆ ಕಳಿಸಿದ್ದೆ. ಸಂಜೆ ಫೋನ್ ಮಾಡಿ ಮೊದಲು ಕೇಳಿದ್ದು, "ನೆಣ ಹಾಕಿದ್ಯೇನೋ? ಒಣಗಿದಂಗೆ ಕಾಣ್ತತಲ್ಲ." ಫೋಟೋ ಲೈಟಿಂಗ್ ಸರಿ ಇಲ್ಲ ಅಂತ ಹೇಳೋಕೆ ಹತ್ತು ನಿಮಿಷ ಬೇಕಾಯ್ತು.

ಮುಂದಿನ ತಿಂಗಳು ಮೊದಲ ಭಾನುವಾರ ಮತ್ತೆ ಮಾಡ್ತೀನಿ. ಎಂಟು ಜನಕ್ಕೆ ಜಾಗ ಇದೆ, ತಲೆಗೆ 145 ರೂಪಾಯಿ, ಮೊದಲು ಮೆಸೇಜ್ ಮಾಡಿದವರಿಗೆ. ಬನ್ ತರೋ ಜವಾಬ್ದಾರಿ ಯಾರಾದ್ರೂ ತಗೊಳ್ಳಿ. ಸಪ್ಪೆ ಬನ್. ಸಪ್ಪೆ.

#ಲ್ಯಾಂಬ್‌ಬರ್ಗರ್ #ಕುರಿಕಾಯೋನಮಗ #ಕೈಮ #ರೂಮ್‌ಅಡುಗೆ #ಕಾಸ್ಟ್‌ಶೀಟ್ #ಚಳ್ಳಕೆರೆ